ಗೋಡೆಗೆ ವಯಸ್ಸು ಬಳಿಯುವ ಕೆಲಸ: ಸಿನಿಮಾ ಸೆಟ್ ಪೇಂಟರ್ ಏನು ಮಾಡುತ್ತಾರೆ?

ಮಳೆಗಾಲ ಮುಗಿಯುವ ಹೊತ್ತಿಗೆ ಮಡಿಕೇರಿಯ ಯಾವುದಾದರೂ ಹಳೇ ಸುಣ್ಣದ ಗೋಡೆಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಸೂರಿನ ಕೆಳಗೆ ಒಂದು ಮೊಳದಷ್ಟು ಜಾಗ ಇನ್ನೂ ಬೆಳ್ಳಗೇ ಇರುತ್ತದೆ. ಅಲ್ಲಿಗೆ ಮಳೆ ತಾಗುವುದಿಲ್ಲ. ಅದರ ಕೆಳಗಿನಿಂದ ಕಪ್ಪು ಗೆರೆಗಳು ಶುರುವಾಗುತ್ತವೆ. ಕಿಟಕಿಯ ಕೆಳಗಿನ ಎರಡು ಮೂಲೆಗಳಲ್ಲಿ ಆ ಗೆರೆ ಜಾಸ್ತಿ ದಪ್ಪ, ಯಾಕಂದರೆ ಕಿಟಕಿ ಕಟ್ಟೆಯ ಮೇಲೆ ಬಿದ್ದ ನೀರು ಅಲ್ಲಿಂದಲೇ ಇಳಿಯುತ್ತದೆ. ನೆಲದಿಂದ ಮಂಡಿಯ ಎತ್ತರದವರೆಗೆ ಕೆಂಪು ಮಣ್ಣಿನ ಚುಕ್ಕಿಗಳು. ಹೆಂಚಿನಿಂದ ಸುರಿದ ನೀರು ಅಂಗಳದ ಮಣ್ಣನ್ನು ಗೋಡೆಗೆ ಎರಚಿದ ಗುರುತು ಅದು. ಬಾಗಿಲ ಪಕ್ಕ, ಎದೆಯ ಎತ್ತರದಲ್ಲಿ, ಅಂಗೈಯಷ್ಟು ಅಗಲದ ಒಂದು ಜಿಡ್ಡು ಕಲೆ. ಚಪ್ಪಲಿ ಬಿಡುವಾಗ ಮನೆಯವರೆಲ್ಲ ಕೈ ಊರುವ ಜಾಗ ಅದು.

ಈಗ ಇದೇ ಗೋಡೆಯನ್ನು, ನಿನ್ನೆ ತಾನೇ ಮೊಳೆ ಹೊಡೆದು ನಿಲ್ಲಿಸಿದ ಪ್ಲೈವುಡ್ ಮೇಲೆ, ಎರಡು ದಿನದಲ್ಲಿ ತರಬೇಕು. ಕ್ಯಾಮೆರಾ ಒಂದು ಗೇಣು ಹತ್ತಿರ ಬಂದರೂ ಅದು ನಲವತ್ತು ಮಳೆಗಾಲ ಕಂಡ ಗೋಡೆಯೇ ಆಗಿರಬೇಕು. ಸಿನಿಮಾ ಸೆಟ್ ಪೇಂಟರ್ ಕೆಲಸ ಅಂದರೆ ಇದು. ಬಣ್ಣ ಬಳಿಯುವುದು ಅದರಲ್ಲಿ ಅರ್ಧವೂ ಅಲ್ಲ. ಯಾವ ಕಲೆ ಎಲ್ಲಿ, ಯಾಕೆ ಬಂತು ಎಂದು ತಿಳಿದಿರುವುದೇ ದೊಡ್ಡ ಭಾಗ. ಕೊಡಗಿನಲ್ಲಿ ಹುಟ್ಟಿದವರಿಗೆ ಈ ಪಾಠವನ್ನು ಮಳೆಯೇ ಪ್ರತಿ ವರ್ಷ ಹೇಳಿಕೊಡುತ್ತದೆ.

ನಾನು ಈ ಕೆಲಸಕ್ಕೆ ಬಂದದ್ದು ಮಡಿಕೇರಿ ದಸರಾದ ಮಂಟಪಗಳಿಂದ. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು, ಅಂದರೆ ಪುರಾಣದ ಕಥೆ ತೋರಿಸುವ ಮೆರವಣಿಗೆಯ ರಥಗಳು, ಬೀದಿಗಿಳಿಯುತ್ತವಲ್ಲ, ಅದರಲ್ಲಿ ಒಂದರ ಕೆಲಸಕ್ಕೆ ಶಾಲೆ ಮುಗಿಸಿ ಹೋಗುತ್ತಿದ್ದೆ. ಅಸುರನ ಮೈಗೆ ಬಣ್ಣ, ಕತ್ತಿಗೆ ಬೆಳ್ಳಿ, ಥರ್ಮಾಕೋಲಿನ ಬಂಡೆಗೆ ಬೂದು. ಅಲ್ಲಿ ನೋಡುವವರು ದೂರದಲ್ಲಿರುತ್ತಾರೆ. ರಾತ್ರಿ ಹೊತ್ತು, ಬಣ್ಣಬಣ್ಣದ ಲೈಟು. ಆದ್ದರಿಂದ ಎಲ್ಲವನ್ನೂ ಢಾಳಾಗಿ ಬರೆಯಬೇಕು. ಕಣ್ಣಿನ ಸುತ್ತ ದಪ್ಪ ಕಪ್ಪು, ಬಂಡೆಯ ಸಂದಿಗೆ ದಪ್ಪ ಗೆರೆ. ಮೊದಲ ಸಲ ಸಿನಿಮಾ ಸೆಟ್ಟಿನಲ್ಲಿ ಕಲ್ಲಿನ ಗೋಡೆ ಬರೆಯಲು ಹೇಳಿದಾಗಲೂ ಹಾಗೇ ಬರೆದೆ. ಮೇಸ್ತ್ರಿ ಬಂದು ನೋಡಿದರು. "ಚೆಂದ ಉಂಟು ಮಾರಾಯ, ಆದರೆ ಕಲ್ಲಿಗೆ ಯಾರು ಗೆರೆ ಎಳೀತಾರೆ? ಬೆಳಕು ಬೀಳದ ಕಡೆ ಕಪ್ಪಾಗ್ತದೆ, ಅಷ್ಟೆ" ಎಂದರು. ಗೋಡೆಯನ್ನು ಪೂರ್ತಿ ಅಳಿಸಿ ಮತ್ತೆ ಬರೆಸಿದರು. ಆ ಮಾತು ಇವತ್ತಿಗೂ ಕೈಯಲ್ಲಿದೆ.

ಯಾರ ಕೆಲಸ ಎಲ್ಲಿಗೆ ಮುಗಿಯುತ್ತದೆ

ಸೆಟ್ ಹೇಗಿರಬೇಕು ಎಂದು ನಿರ್ಧರಿಸುವವರು ಕಲಾ ನಿರ್ದೇಶಕರು. ಅವರ ಚಿತ್ರ, ಅಳತೆ ಹಿಡಿದು ಬಡಗಿಗಳು ಸರ್ವೆ ಮರ, ರೀಪರ್, ಪ್ಲೈವುಡ್ ಬಳಸಿ ಚೌಕಟ್ಟು ನಿಲ್ಲಿಸುತ್ತಾರೆ. ಮೌಲ್ಡಿಂಗ್‌ನವರು ಪಿಒಪಿಯಲ್ಲೋ (ಪ್ಲಾಸ್ಟರ್ ಆಫ್ ಪ್ಯಾರಿಸ್) ಫೈಬರ್‌ನಲ್ಲೋ ಕಂಬ, ಬೋದಿಗೆ (ಕಂಬದ ತಲೆಭಾಗ), ಇಟ್ಟಿಗೆಯ ಅಚ್ಚು ತೆಗೆಯುತ್ತಾರೆ. ಆಮೇಲೆ ಪೇಂಟರ್‌ಗಳು. ನಮ್ಮ ನಂತರ ಪಾತ್ರೆ, ಕುರ್ಚಿ, ಕ್ಯಾಲೆಂಡರ್ ಜೋಡಿಸುವವರು ಬರುತ್ತಾರೆ. ಬಡಗಿ ಕೆಲಸ ಒಂದು ದಿನ ತಡವಾದರೆ ಆ ದಿನ ಕಳೆಯುವುದು ಪೇಂಟರ್ ಲೆಕ್ಕದಿಂದ. ಶೂಟಿಂಗ್ ದಿನಾಂಕ ಮಾತ್ರ ಜಗ್ಗುವುದಿಲ್ಲ. ಅದಕ್ಕೇ ಈ ಕೆಲಸದಲ್ಲಿ ರಾತ್ರಿ ಪಾಳಿ ಜಾಸ್ತಿ.

ಸಿನಿಮಾಗೆ ಈ ಕಲೆ ಬಂದದ್ದು ನಾಟಕದಿಂದ. ಗುಬ್ಬಿ ವೀರಣ್ಣನವರ ಕಂಪನಿಯಂಥ ದೊಡ್ಡ ಕಂಪನಿಗಳಲ್ಲಿ ಅರಮನೆ, ಕಾಡು, ಬೀದಿ ಎಲ್ಲ ಪರದೆಯ ಮೇಲೇ ಇರುತ್ತಿದ್ದವು. ಕೊಲ್ಲಾಪುರದ ಬಾಬುರಾವ್ ಪೇಂಟರ್ ಕೂಡ ನಾಟಕದ ಪರದೆ ಬರೆಯುತ್ತಿದ್ದವರೇ. ಮುಂದೆ ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿದ ಅವರು, ಬರೆದ ಪರದೆಯ ಬದಲು ನಿಜವಾಗಿ ಕಟ್ಟಿ ನಿಲ್ಲಿಸಿದ ಸೆಟ್ ಬಳಸಿದ ನಮ್ಮ ದೇಶದ ಮೊದಲಿಗರಲ್ಲಿ ಒಬ್ಬರು.

ನಲವತ್ತು ವರ್ಷ ಎರಡು ದಿನದಲ್ಲಿ ಹೇಗೆ ಬರುತ್ತದೆ

ಗೋಡೆ ಹಳೆಯದಾಗುವ ದಾರಿಯಲ್ಲೇ ನಾವೂ ಹೋಗಬೇಕು. ಮೊದಲು ಅದು ಹೊಸದಾಗಿತ್ತು. ಆಮೇಲೆ ಜನ ಬದುಕಿದರು. ಆಮೇಲೆ ಮಳೆ ಬಂತು. ಕೊನೆಗೆ ಧೂಳು ಕೂತಿತು. ಈ ಸಾಲು ತಪ್ಪಿದರೆ ಕಣ್ಣಿಗೆ ಗೊತ್ತಾಗಿಬಿಡುತ್ತದೆ. ಧೂಳಿನ ಮೇಲೆ ಹೊಗೆ ಇದ್ದರೆ, ಸುಣ್ಣದ ಅಡಿಯಲ್ಲಿ ಇರಬೇಕಾದ ಹಳೇ ನೀಲಿ ಬಣ್ಣವು ಸುಣ್ಣದ ಮೇಲೆ ಬಂದರೆ, ನೋಡುವವರಿಗೆ ಕಾರಣ ಹೇಳಲು ಬಾರದಿದ್ದರೂ ಏನೋ ಸುಳ್ಳು ಅನಿಸುತ್ತದೆ.

ಕಾಫಿ ತೋಟದ ಕೂಲಿಯವರ ಲೈನ್ ಮನೆಯ ಒಂದು ಗೋಡೆ ಬೇಕು ಅಂದುಕೊಳ್ಳಿ. ಪ್ಲೈವುಡ್ ಹಲಗೆಗಳು ಸೇರುವ ಜಾಗಕ್ಕೆ ಬಟ್ಟೆಯ ಪಟ್ಟಿ ಅಂಟಿಸಿ ಲಪ್ಪ (ಪುಟ್ಟಿ) ಹಾಕುತ್ತೇವೆ. ಇಲ್ಲದಿದ್ದರೆ ಆ ನೇರ ಗೆರೆ ಬಣ್ಣದ ಅಡಿಯಿಂದ ಎದ್ದು ಕಾಣುತ್ತದೆ. ಮಣ್ಣಿನ ಗೋಡೆ ಎಂದಿಗೂ ನುಣುಪಾಗಿರುವುದಿಲ್ಲ. ಅದಕ್ಕೆ ಚಾಕ್ ಪುಡಿ, ಮರದ ಹೊಟ್ಟು, ಫೆವಿಕಾಲ್ ಕಲಸಿ ಕೈಯಿಂದಲೇ ಬಳಿಯುತ್ತೇವೆ. ಬೆರಳಿನ ಗುರುತು ಅಲ್ಲಲ್ಲಿ ಉಳಿಯಬೇಕು, ಯಾಕಂದರೆ ನಿಜವಾದ ಗೋಡೆಗೂ ಯಾರೋ ಕೈಯಿಂದಲೇ ಮಣ್ಣು ಮೆತ್ತಿರುತ್ತಾರೆ. ಅದು ಒಣಗಿದ ಮೇಲೆ ಒಂದು ಹಳೇ ಬಣ್ಣ, ಅದರ ಮೇಲೆ ಸುಣ್ಣದ ಬಿಳುಪು. ಬಳಿದ ಬಿಳುಪನ್ನು ಕೈ ಊರುವ ಕಡೆ, ಬೆನ್ನು ಒರಗಿಸುವ ಕಡೆ ಉಪ್ಪು ಕಾಗದದಿಂದ ಉಜ್ಜಿದರೆ ಅಡಿಯ ಬಣ್ಣ ಇಣುಕುತ್ತದೆ.

ಇನ್ನು ಮಳೆಯ ಗೆರೆ. ಹೊಸಬರು ಇದನ್ನು ಬ್ರಷ್ ಹಿಡಿದು ಎಳೆಯುತ್ತಾರೆ. ಕೈಯಿಂದ ಎಳೆದ ಗೆರೆ ಎಷ್ಟೇ ಚೆನ್ನಾಗಿದ್ದರೂ ಕೈಯದ್ದೇ. ಮಾಡಬೇಕಾದ್ದು ಬೇರೆ. ಗೋಡೆಗೆ ನೀರು ಸಿಂಪಡಿಸಿ. ಕಂದು ಬಣ್ಣಕ್ಕೆ ಚೂರು ಕಪ್ಪು, ಚೂರು ಹಸಿರು ಸೇರಿಸಿ, ಟೀಗಿಂತ ತೆಳ್ಳಗೆ ಮಾಡಿ, ನೀರು ನಿಜವಾಗಿ ಎಲ್ಲಿಂದ ಇಳಿಯುತ್ತದೋ ಅಲ್ಲಿಂದ ಸ್ಪಂಜಿನಲ್ಲಿ ಹಿಂಡಿ. ಕಿಟಕಿ ಕಟ್ಟೆಯ ಮೂಲೆ, ಮೊಳೆಯ ತಲೆ, ಒಡೆದ ಹೆಂಚಿನ ಕೆಳಗೆ. ಅದು ತಾನೇ ದಾರಿ ಹುಡುಕಿಕೊಂಡು ಇಳಿಯುತ್ತದೆ. ಉಬ್ಬಿನಲ್ಲಿ ಕವಲೊಡೆಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಅರ್ಧ ಒಣಗಿದಾಗ ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆದರೆ ಅಂಚು ಮಾತ್ರ ಉಳಿದು ನಡುವೆ ಮಾಸುತ್ತದೆ. ಒಂದೇ ಸಲಕ್ಕೆ ಮುಗಿಸಬಾರದು. ತೆಳ್ಳಗೆ ನಾಲ್ಕೈದು ಸಲ. ಒಂದೊಂದು ಸಲವೂ ಒಂದೊಂದು ಮಳೆಗಾಲ.

ಅಚ್ಚ ಕಪ್ಪು ಮಾತ್ರ ಬಳಸಬೇಡಿ. ನಮ್ಮ ಗೋಡೆಗಳ ಕಪ್ಪು ಬರೀ ಮಸಿಯಲ್ಲ, ಒದ್ದೆಯಲ್ಲಿ ಬೆಳೆದು ಒಣಗಿದ ಪಾಚಿ ಜಾತಿಯ ಜೀವಿಗಳು. ಅದರಲ್ಲಿ ಹಸಿರು, ಕಂದು ಎರಡೂ ಇರುತ್ತವೆ. ಗೋಡೆಯ ಬುಡದ ಪಾಚಿಗೆ ಜರಡಿ ಹಿಡಿದ ಮರದ ಹೊಟ್ಟನ್ನು ಎರಡು ಮೂರು ಹಸಿರಿನಲ್ಲಿ ನೆನೆಸಿ, ಒಣಗಿಸಿ, ಅಂಟಿನ ಮೇಲೆ ಉದುರಿಸುತ್ತೇವೆ. ಬಿಸಿಲು ಬೀಳುವ ಗೋಡೆಗೆ ಪಾಚಿ ಹಾಕಿದರೆ ಕೊಡಗಿನ ಮಕ್ಕಳೂ ನಗುತ್ತಾರೆ. ಕೆಂಪು ಎರಚಲಿಗೆ ಅಂಗಡಿಯ ಬಣ್ಣಕ್ಕಿಂತ ಅಂಗಳದ ಮಣ್ಣೇ ಒಳ್ಳೆಯದು. ನಮ್ಮ ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡ್‌ನಿಂದ ಬಂದದ್ದು, ಕಾವಿಯದ್ದೂ ಅದೇ. ಮಣ್ಣನ್ನು ಜರಡಿ ಹಿಡಿದು, ಅಂಟಿನ ನೀರಲ್ಲಿ ಕಲಸಿ, ಪೊರಕೆಯನ್ನು ಅದ್ದಿ ನೆಲದ ಕಡೆಯಿಂದ ಮೇಲಕ್ಕೆ ಕೊಡವಬೇಕು. ಮೇಲಿನಿಂದ ಕೊಡವಿದರೆ ಚುಕ್ಕಿಯ ಬಾಲ ಉಲ್ಟಾ ಬರುತ್ತದೆ. ಹಳೇ ಕಾಗದ, ಪರದೆ, ಲೆಕ್ಕದ ಪುಸ್ತಕಗಳಿಗೆ ಕಾಫಿ ಡಿಕಾಕ್ಷನ್ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಬಣ್ಣ ನನಗಿನ್ನೂ ಸಿಕ್ಕಿಲ್ಲ.

ಕಾಲದ ಲೆಕ್ಕವೂ ಪೇಂಟರ್‌ಗೆ ಗೊತ್ತಿರಬೇಕು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಕೊಡಗಿನ ಅರಸರ ಆಳ್ವಿಕೆ ಮುಗಿದದ್ದು 1834ರಲ್ಲಿ. ಅಂದರೆ ಅರಸರ ಕಾಲದ ಕಥೆಗೆ ಮನೆ ಕಟ್ಟಿ, ಅದಕ್ಕೆ ಮಂಗಳೂರು ಹೆಂಚು ಹೊದಿಸಿ, ಆ ಹೆಂಚಿಗೆ ಎಷ್ಟು ಚೆಂದ ಪಾಚಿ ಬರೆದರೂ ತಪ್ಪೇ. ಹುಲ್ಲಿನ ಮಾಡು ಬೇಕು.

ಕಣ್ಣಿಗೆ ಸರಿ, ಕ್ಯಾಮೆರಾಗೆ ತಪ್ಪು

ನಾವು ಬಣ್ಣ ಹಚ್ಚುವುದು ಕ್ಯಾಮೆರಾಗಾಗಿ. ಕಣ್ಣು ಮತ್ತು ಕ್ಯಾಮೆರಾ ಒಂದೇ ರೀತಿ ನೋಡುವುದಿಲ್ಲ. ಅಚ್ಚ ಬಿಳಿ ಗೋಡೆಯ ಮೇಲೆ ಲೈಟ್ ಬಿದ್ದರೆ ಅದು ಉರಿದುಹೋಗುತ್ತದೆ, ನಟರ ಮುಖ ಕಪ್ಪಾಗುತ್ತದೆ. ಅದಕ್ಕೇ ಸೆಟ್ಟಿನ ಬಿಳಿಯಲ್ಲಿ ಯಾವಾಗಲೂ ಸ್ವಲ್ಪ ಹಳದಿಯೋ ಬೂದಿಯೋ ಬೆರೆತಿರುತ್ತದೆ. ಹೊಳಪಿನ ಬಣ್ಣ ಬಳಿದರೆ ಲೈಟೇ ಗೋಡೆಯಲ್ಲಿ ಕಾಣುತ್ತದೆ, ಹಾಗಾಗಿ ಮ್ಯಾಟ್ ಬಣ್ಣ. ತೀರ ಹತ್ತಿರ ಹತ್ತಿರದ ಸಣ್ಣ ಗೆರೆಗಳು ಡಿಜಿಟಲ್ ಕ್ಯಾಮೆರಾದಲ್ಲಿ ಅಲೆಯ ಹಾಗೆ ಮಿಣಮಿಣ ಎನ್ನುತ್ತವೆ, ಆದ್ದರಿಂದ ಜಾಲರಿ, ಸಣ್ಣ ಪಟ್ಟೆಗಳಿಂದ ದೂರ ಇರುತ್ತೇವೆ.

ಬೆಳಕಿಗೂ ಬಣ್ಣ ಇದೆ, ಅದನ್ನು ಅಳೆಯುವುದು ಕೆಲ್ವಿನ್ ಲೆಕ್ಕದಲ್ಲಿ. ಹಳೇ ಟಂಗ್‌ಸ್ಟನ್ ಲೈಟಿನ ಅಳತೆ 3200 ಕೆಲ್ವಿನ್, ಅದು ಹಳದಿ. ಹಗಲಿನ ಬಿಸಿಲನ್ನು ಸುಮಾರು 5600 ಎಂದು ಹಿಡಿಯುತ್ತಾರೆ. ಮೋಡ ಮುಚ್ಚಿದರೆ ಇನ್ನೂ ಮೇಲೇರಿ ನೀಲಿಯ ಕಡೆ ವಾಲುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಕಲಸಿದ ಕಾವಿ, ಜುಲೈ ತಿಂಗಳ ಮಡಿಕೇರಿಯ ಬೆಳಕಿನಲ್ಲಿ ಮಂಕು ಬೂದಿಯಾಗಿ ಕಂಡರೆ ಅದು ಕಾವಿಯ ತಪ್ಪಲ್ಲ. ಹಲಗೆ ತುಂಡುಗಳ ಮೇಲೆ ನಾಲ್ಕು ಮಾದರಿ ಹಚ್ಚಿ, ಛಾಯಾಗ್ರಾಹಕರಿಗೆ ಅವರದೇ ಲೈಟಿನಲ್ಲಿ ತೋರಿಸಿ, ಆಮೇಲೆ ಬಕೆಟ್ ಕಲಸುವುದು ಸರಿಯಾದ ಕ್ರಮ. ಮೂಕಿ ಸಿನಿಮಾದ ದಿನಗಳಲ್ಲಿ ಕಷ್ಟ ಇನ್ನೂ ಜಾಸ್ತಿ ಇತ್ತು. ಆಗಿನ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ, ಕೆಂಪು ಗೋಡೆ ತೆರೆಯ ಮೇಲೆ ಕಪ್ಪಾಗುತ್ತಿತ್ತು.

ಬೆಳಕಿನ ಹಾಗೆ ತೇವವೂ ಬಣ್ಣ ಬದಲಿಸುತ್ತದೆ. ಆ ಕಾರಣಕ್ಕೆ ನನ್ನ ಒಂದು ಗೋಡೆ ಹಾಳಾಗಿತ್ತು. ಮಡಿಕೇರಿಯ ಹತ್ತಿರ ಹೊರಾಂಗಣದ ಸೆಟ್, ಜಿಟಿಜಿಟಿ ಮಳೆ. ಮೇಲೆ ಟಾರ್ಪಾಲ್ ಕಟ್ಟಿ ರಾತ್ರಿಯೆಲ್ಲ ಕೆಲಸ ಮಾಡಿದೆವು. ಬೆಳಗ್ಗೆ ಗೋಡೆ ನೋಡಿದರೆ ಕಡುಕಂದು, ಕೇಳಿದ ಹಾಗೇ ಇತ್ತು. ಶೂಟಿಂಗ್ ಶುರುವಾಯಿತು. ಮಧ್ಯಾಹ್ನ ಒಂದು ಗಂಟೆ ಬಿಸಿಲು ಬಂತು ನೋಡಿ, ಗೋಡೆ ಒಣಗಿ ಎರಡು ಪಟ್ಟು ಬಿಳಿಚಿಕೊಂಡಿತು. ಡಿಸ್ಟೆಂಪರ್ ಒದ್ದೆಯಿದ್ದಾಗ ಗಾಢವಾಗಿ ಕಾಣುತ್ತದೆ, ಒಣಗಿದಾಗ ತಿಳಿಯಾಗುತ್ತದೆ. ಇದು ನನಗೆ ಗೊತ್ತಿತ್ತು. ಆದರೆ ರಾತ್ರಿಯಿಡೀ ಒಣಗಿಲ್ಲ ಎಂಬುದು ಗಮನಕ್ಕೆ ಬರಲಿಲ್ಲ. ಒಂದೇ ದೃಶ್ಯದ ಅರ್ಧ ಭಾಗದಲ್ಲಿ ಒಂದು ಗೋಡೆ, ಉಳಿದರ್ಧದಲ್ಲಿ ಇನ್ನೊಂದು. ಬೆಳಗಿನ ಶಾಟ್‌ಗಳನ್ನು ಮತ್ತೆ ತೆಗೆಯಬೇಕಾಯಿತು. ಅವತ್ತಿನಿಂದ ಬಣ್ಣ ಕಲಸಿದ ಕೂಡಲೇ ಒಂದು ಹಲಗೆಗೆ ಹಚ್ಚಿ, ಹೇರ್ ಡ್ರೈಯರ್‌ನಲ್ಲಿ ಒಣಗಿಸಿ ನೋಡದೆ ನಾನು ಗೋಡೆ ಮುಟ್ಟುವುದಿಲ್ಲ.

ಕೊಡಗಿನ ತೇವ ಪಿಒಪಿಗೂ ಶತ್ರು. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ, ಅದರೊಳಗಿನ ನೀರಿನ ಮುಕ್ಕಾಲು ಪಾಲು ತೆಗೆದ ಪುಡಿಯೇ ಪಿಒಪಿ. ನೀರು ಸೇರಿಸಿದಾಗ ಆ ಪುಡಿ ಕಳೆದುಕೊಂಡ ನೀರನ್ನು ವಾಪಸ್ ಹಿಡಿದುಕೊಂಡು ಗಟ್ಟಿಯಾಗುತ್ತದೆ. ಅಚ್ಚಿನ ಮೇಲೆ ಕೈಯಿಟ್ಟರೆ ಬೆಚ್ಚಗಾಗುವುದು ಅದಕ್ಕೇ. ಹಾಗಾಗಿ ಮಳೆಯಲ್ಲೂ ಅದು ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಆದರೆ ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. ಕಲಸಲು ಹಾಕಿದ ಹೆಚ್ಚಿನ ನೀರು ಒಳಗೇ ಇರುತ್ತದೆ, ಅದು ಹೋಗಲು ಜುಲೈನಲ್ಲಿ ದಿನಗಟ್ಟಲೆ ಬೇಕು. ಅದರ ಮೇಲೆ ಬಣ್ಣ ಹಚ್ಚಿದರೆ ಬೊಬ್ಬೆ ಎದ್ದು ಸುಲಿಯುತ್ತದೆ. ಬಾಯಿ ಬಿಚ್ಚಿಟ್ಟ ಪಿಒಪಿ ಚೀಲವಂತೂ ಗಾಳಿಯ ತೇವ ಹೀರಿ ಕೆಲಸಕ್ಕೇ ಬಾರದಂತಾಗುತ್ತದೆ. ಡ್ರಮ್ಮಿನಲ್ಲಿ ಹಾಕಿ ಮುಚ್ಚಿಡಬೇಕು.

ಬೆಟ್ಟ ಬರೆಯುವುದು

ಒಂದು ಸಿನಿಮಾದಿಂದ ನಮ್ಮ ಮಾಂದಲ್‌ಪಟ್ಟಿಗೆ ಮುಗಿಲುಪೇಟೆ ಎಂಬ ಇನ್ನೊಂದು ಹೆಸರೇ ಬಂತು. ಹಾಗಾಗಿ ಸಿನಿಮಾದವರು ಬೆಟ್ಟ ಹುಡುಕಿಕೊಂಡು ಇಲ್ಲಿಗೇ ಬರುತ್ತಾರೆ ಅಲ್ವಾ, ಬರೆಯುವುದು ಯಾಕೆ ಎಂದು ಕೇಳುತ್ತಾರೆ. ಹೊರಗಿನ ದೃಶ್ಯ ಇಲ್ಲಿ ತೆಗೆದು, ಮನೆಯೊಳಗಿನದನ್ನು ಬೆಂಗಳೂರಿನ ಸ್ಟುಡಿಯೋದಲ್ಲಿ ತೆಗೆದಾಗ ಕಿಟಕಿಯ ಆಚೆ ಅದೇ ಬೆಟ್ಟ ಬೇಕಲ್ಲ. ಈಗ ಅದನ್ನು ಹೆಚ್ಚಾಗಿ ಹಸಿರು ಬಟ್ಟೆ ಕಟ್ಟಿ ಕಂಪ್ಯೂಟರಿನಲ್ಲಿ ಸೇರಿಸುತ್ತಾರೆ, ಅಥವಾ ದೊಡ್ಡ ಎಲ್‌ಇಡಿ ಗೋಡೆಯ ಮೇಲೆ ತೋರಿಸುತ್ತಾರೆ. ಆದರೂ ಬರೆದ ಪರದೆ ಪೂರ್ತಿ ಹೋಗಿಲ್ಲ. ಎಲ್‌ಇಡಿ ಇದ್ದರೂ ಅದರ ಮುಂದೆ ನಿಲ್ಲಿಸಿದ ಬಂಡೆ, ಬೇಲಿಯ ಬಣ್ಣ ಹಿಂದಿನ ಚಿತ್ರಕ್ಕೆ ಕೂಡಬೇಕು. ಅದನ್ನು ಕೂಡಿಸುವವರು ನಾವೇ.

ಬೆಟ್ಟ ಬರೆಯುವ ಗುಟ್ಟು ರಾಜಾಸೀಟಿನಲ್ಲಿ ನಿಂತರೆ ಸಿಗುತ್ತದೆ. ಹತ್ತಿರದ ಬೆಟ್ಟ ಕಡುಹಸಿರು, ಮರ ಮರವೂ ಎಣಿಸಬಹುದು. ಅದರ ಹಿಂದಿನದರಲ್ಲಿ ಹಸಿರು ಕಡಿಮೆ, ನೀಲಿ ಜಾಸ್ತಿ. ಅದರಾಚೆಯದು ಬರೀ ನೀಲಿ ಬೂದು. ಕೊನೆಯದಕ್ಕೂ ಆಕಾಶಕ್ಕೂ ಕೂದಲೆಳೆಯ ವ್ಯತ್ಯಾಸ. ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ಹೀಗಾಗುತ್ತದೆ. ಆದ್ದರಿಂದ ನಾವು ಹಿಂದಿನಿಂದ ಮುಂದಕ್ಕೆ ಬರೆಯುತ್ತೇವೆ. ಮೊದಲು ಆಕಾಶ, ಆಮೇಲೆ ಅದೇ ಬಕೆಟ್‌ಗೆ ಚೂರು ಚೂರೇ ಗಾಢ ಬಣ್ಣ ಸೇರಿಸುತ್ತಾ ಒಂದೊಂದು ಸಾಲು. ಮಂಜಿನ ವಿಷಯ ಬೇರೆ. ಮಂಜಿನ ಹನಿಗಳು ಗಾಳಿಯ ಕಣಕ್ಕಿಂತ ತುಂಬಾ ದೊಡ್ಡವು, ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸುತ್ತವೆ. ಹಾಗಾಗಿ ಮಂಜು ಬಿಳಿ ಬೂದು. ಮಂಜಿಗೆ ನೀಲಿ ಹಾಕಿದವರು ಮಂಜು ನೋಡಿಲ್ಲ ಎಂದೇ ಅರ್ಥ.

ಇನ್ನೊಂದು ಲೆಕ್ಕ, ದಿಗಂತದ್ದು. ಕ್ಯಾಮೆರಾದ ಲೆನ್ಸ್ ನೆಲದಿಂದ ಐದು ಅಡಿ ಎತ್ತರದಲ್ಲಿದ್ದರೆ ಪರದೆಯಲ್ಲಿ ದಿಗಂತವೂ ಐದು ಅಡಿಯಲ್ಲೇ ಇರಬೇಕು. ಕೊನೆ ಗಳಿಗೆಯಲ್ಲಿ ಕ್ಯಾಮೆರಾವನ್ನು ಎರಡು ಅಡಿಗೆ ಇಳಿಸಿದರೆ ಬೆಟ್ಟ ಗಾಳಿಯಲ್ಲಿ ತೇಲುತ್ತದೆ. ಕ್ಯಾಮೆರಾ ಎಷ್ಟು ಎತ್ತರದಲ್ಲಿರುತ್ತದೆ? ಬ್ರಷ್ ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ. 1947ರಲ್ಲಿ ತೆರೆಕಂಡ 'ಬ್ಲ್ಯಾಕ್ ನಾರ್ಸಿಸಸ್' ಎಂಬ ಸಿನಿಮಾಗೆ ಲಂಡನ್ ಹತ್ತಿರದ ಪೈನ್‌ವುಡ್ ಸ್ಟುಡಿಯೋದಲ್ಲೇ ಹಿಮಾಲಯದ ಕಥೆಯನ್ನು ಬಹುಪಾಲು ಚಿತ್ರೀಕರಿಸಿದರು. ಗಾಜಿನ ಮೇಲೆ ಬರೆದ ಬೆಟ್ಟಗಳು, ದೊಡ್ಡದಾಗಿಸಿದ ಕಪ್ಪು ಬಿಳುಪು ಫೋಟೊಗಳ ಮೇಲೆ ಬಣ್ಣದ ಚಾಕ್ ಹಚ್ಚಿದ ಪರದೆಗಳು. ತಂಡ ಹಿಮಾಲಯಕ್ಕೆ ಹೋಗಲೇ ಇಲ್ಲ. ಕಲಾ ನಿರ್ದೇಶನಕ್ಕೆ ಅದಕ್ಕೆ ಆಸ್ಕರ್ ಬಂತು.

ನಿಜವಾದ ಮನೆಯಲ್ಲಿ ಕೆಲಸ ಮಾಡುವಾಗ

ಕೊಡಗಿನಲ್ಲಿ ಶೂಟಿಂಗ್ ಅಂದರೆ ಎಷ್ಟೋ ಸಲ ನಿಜವಾದ ಮನೆಯಲ್ಲೇ. ಐನ್‌ಮನೆಯಲ್ಲಿ, ಅಂದರೆ ಕೊಡವ ಕುಟುಂಬದ ಮೂಲ ಮನೆಯಲ್ಲಿ, ಕೆಲಸ ಸಿಕ್ಕಾಗ ನನ್ನ ಜೊತೆಗಿನ ಹುಡುಗರಿಗೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿನ ಗೋಡೆಗೆ, ಮರಕ್ಕೆ ನಮ್ಮ ಬ್ರಷ್ ತಾಗಬಾರದು. ನಡುಬಾಡೆಯಲ್ಲಿ (ನಡುಮನೆಯಲ್ಲಿ) ಹಿರಿಯರಿಗೆ ದೀಪ ಇಡುವ ಮನೆ ಅದು. ಕೈಸಾಲೆಯ (ಜಗಲಿಯ) ಕಂಬಕ್ಕೆ ತಲೆಮಾರುಗಳ ಕೈ ತಾಗಿ ಬಂದ ನುಣುಪಿದೆ. ಅದನ್ನು ಯಾವ ಪಾಲಿಶ್ ಕೂಡ ವಾಪಸ್ ತರುವುದಿಲ್ಲ. ಗೋಡೆಯ ಬಣ್ಣ ಬದಲಾಗಲೇಬೇಕಾದರೆ, ಅದರ ಮುಂದೆ ತೆಳು ಹಲಗೆ ನಿಲ್ಲಿಸಿ ಅದಕ್ಕೆ ಬರೆಯುತ್ತೇವೆ. ಕಂಬಕ್ಕೆ ಬಟ್ಟೆ ಸುತ್ತಿ ಅದರ ಮೇಲೆ ಮರದ ಎಳೆ ಬರೆಯುತ್ತೇವೆ. ಮೊದಲ ದಿನವೇ ಮೂಲೆ ಮೂಲೆಯ ಫೋಟೊ ತೆಗೆದು ಮನೆಯವರಿಗೂ ಕೊಡುತ್ತೇವೆ. ಇದಕ್ಕೆ ಸಮಯ ಜಾಸ್ತಿ ಹಿಡಿಯುತ್ತದೆ, ನಿರ್ಮಾಣದವರು ಗೊಣಗುತ್ತಾರೆ. ಗೊಣಗಲಿ. ನಾಳೆ ಆ ಮನೆಯವರು ಇನ್ನೊಬ್ಬರಿಗೆ ಬಾಗಿಲು ತೆರೆಯಬೇಕಾದರೆ ಇವತ್ತು ನಾವು ಸರಿಯಾಗಿ ಹೊರಗೆ ಬರಬೇಕು.

ದುಡ್ಡಿನ ವಿಷಯ. ಕೆಲಸ ದಿನಗೂಲಿ ಲೆಕ್ಕದಲ್ಲಿ, ಜೊತೆಗೆ ದಿನದ ಭತ್ಯೆ. ಕೆಲವೊಮ್ಮೆ ಇಡೀ ಸೆಟ್ಟಿಗೆ ಗುತ್ತಿಗೆ. ಒಂದು ಶೆಡ್ಯೂಲ್ ಮುಗಿದ ಮೇಲೆ ಮುಂದಿನದು ಯಾವಾಗ ಎಂದು ಯಾರೂ ಹೇಳುವುದಿಲ್ಲ. ಅದಕ್ಕೇ ನಮ್ಮಲ್ಲಿ ಎಷ್ಟೋ ಜನ ನಡುವೆ ಮದುವೆ ಮಂಟಪ, ಜಾಹೀರಾತು, ದಸರಾ ಕೆಲಸ ಹಿಡಿಯುತ್ತಾರೆ. ಸಿನಿಮಾ ಕಾರ್ಮಿಕರನ್ನು ಬರಹದ ಒಪ್ಪಂದವಿಲ್ಲದೆ ದುಡಿಸಬಾರದು ಎಂದು ಕೇಂದ್ರ 1981ರಲ್ಲೇ ಕಾನೂನು ತಂದಿತು. ಕರ್ನಾಟಕದಲ್ಲಿ ಟಿಕೆಟ್ ಮೇಲೆ ಶೇಕಡಾ 1ರಿಂದ 2ರಷ್ಟು ಸೆಸ್ ಹಾಕಿ ಕಲಾವಿದರು, ಕಾರ್ಮಿಕರಿಗೆ ನಿಧಿ ಮಾಡುವ ಮಸೂದೆಗೆ 2024ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೂ ಬಾಯಿ ಮಾತಿನ ಮೇಲೆ ನಡೆಯುವುದೇ ಜಾಸ್ತಿ. ಎರಡು ಸಾಲಾದರೂ ಬರೆಸಿಕೊಳ್ಳಿ, ಮೆಸೇಜ್ ಆದರೂ ಸರಿ.

ಆರೋಗ್ಯದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಪಿಒಪಿ, ಲಪ್ಪ ಉಜ್ಜುವಾಗ ಏಳುವ ಧೂಳು ಎದೆಗೆ ಇಳಿಯುತ್ತದೆ. ಬಟ್ಟೆಯ ಕರ್ಚೀಫ್ ಅದನ್ನು ತಡೆಯುವುದಿಲ್ಲ, ಸರಿಯಾದ ಮಾಸ್ಕ್ ಬೇಕು. ಮನೆಗಳಿಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90) ಮೀರಬಾರದು ಎಂಬ ನಿಯಮ 2017ರಿಂದ ಇದೆ. ಡಬ್ಬಿಯ ಮೇಲೆ ಅದನ್ನು ನೋಡಿ ಕೊಳ್ಳಿ. ಮಳೆಯಲ್ಲಿ ನೆಂದ ಸಾರ್ವೆಯ (ಎತ್ತರದ ಕೆಲಸಕ್ಕೆ ಕಟ್ಟುವ ಅಟ್ಟಣಿಗೆಯ) ಮೇಲೆ ಹಗ್ಗ ಕಟ್ಟಿಕೊಳ್ಳದೆ ಹತ್ತಬೇಡಿ. ಇನ್ನು ಬೆಂಕಿ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಕುರಿತ ಟಿವಿ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಸತ್ತರು. ನಮ್ಮ ಪಕ್ಕದ ಊರಿನಲ್ಲಿ ಆದದ್ದು. ಸೆಟ್ ಅಂದರೆ ಒಣ ಮರ, ಬಟ್ಟೆ, ಥರ್ಮಾಕೋಲ್, ಥಿನ್ನರ್, ಅದರ ನಡುವೆ ಬಿಸಿ ಲೈಟು. ಥಿನ್ನರ್ ಡಬ್ಬಿಯನ್ನು ಸೆಟ್ಟಿನ ಒಳಗೆ ಒಂದು ಗಂಟೆಯೂ ಇಡಬೇಡಿ. ಹೊಸ ಸೆಟ್ಟಿಗೆ ಹೋದ ಕೂಡಲೇ ನಾನು ಮೊದಲು ನೋಡುವುದು ಹೊರಗೆ ಹೋಗುವ ದಾರಿ ಎಷ್ಟಿದೆ ಎಂದು.

ಕಲಿಯಬೇಕು ಅನ್ನುವವರು ಚಿತ್ರಕಲೆ ಶಾಲೆಯಿಂದಲೂ ಬರಬಹುದು, ಬೋರ್ಡ್ ಬರೆಯುವ ಅಂಗಡಿಯಿಂದಲೂ ಬರಬಹುದು. ಎರಡೂ ಕಡೆಯವರನ್ನು ನೋಡಿದ್ದೇನೆ. ನನ್ನ ಹತ್ತಿರ ಬರುವ ಹುಡುಗ, ಹುಡುಗಿಯರಿಗೆ ನಾನು ಕೊಡುವ ಮೊದಲ ಕೆಲಸ ಒಂದೇ. ಎರಡಡಿ ಉದ್ದ, ಎರಡಡಿ ಅಗಲದ ಒಂದು ಪ್ಲೈವುಡ್ ತುಂಡು ತಗೊಳ್ಳಿ. ನಿಮ್ಮ ಮನೆ ಹಿಂದಿನ ಗೋಡೆಯಲ್ಲಿ ಅಷ್ಟೇ ಅಳತೆಯ ಒಂದು ಜಾಗ ಆರಿಸಿಕೊಳ್ಳಿ. ಅಲ್ಲಿರುವ ಒಂದೊಂದು ಕಲೆಯೂ ಯಾಕೆ ಬಂತು ಎಂದು ಕಾಗದದಲ್ಲಿ ಬರೆದುಕೊಳ್ಳಿ. ಕಾರಣ ಗೊತ್ತಾಗದ ಕಲೆ ಇದ್ದರೆ ಮನೆಯ ಹಿರಿಯರನ್ನು ಕೇಳಿ. ಆಮೇಲೆ ಹಲಗೆಯ ಮೇಲೆ ಅದೇ ಗೋಡೆಯನ್ನು ಬರೆಯಿರಿ. ಮುಗಿದ ಮೇಲೆ ಹಲಗೆಯನ್ನು ಗೋಡೆಗೆ ಒರಗಿಸಿ, ಎರಡೂ ಬರುವ ಹಾಗೆ ಮೊಬೈಲಿನಲ್ಲಿ ಫೋಟೊ ತೆಗೆದು, ಅದನ್ನು ಕಪ್ಪು ಬಿಳುಪು ಮಾಡಿ ನೋಡಿ. ಹಲಗೆಯ ಅಂಚು ಆಗಲೂ ಎದ್ದು ಕಂಡರೆ ತಪ್ಪಿರುವುದು ಬಣ್ಣ ಅಲ್ಲ, ಗಾಢ ಮತ್ತು ತಿಳಿಯ ಲೆಕ್ಕ. ಒದ್ದೆ ಬಟ್ಟೆಯಲ್ಲಿ ಒರೆಸಿ, ಇನ್ನೊಂದು ತೆಳು ಕೈ ಹಾಕಿ, ಪೂರ್ತಿ ಒಣಗಿದ ಮೇಲೆ ಮತ್ತೆ ಫೋಟೊ ತೆಗೆಯಿರಿ.